ಪಕ್ಕದ ಮನೆಯಲ್ಲಿ ಮಗುವಿಗೆ ಏಟು ಬೀಳುತ್ತಿದೆ, ನೀವೇನು ಮಾಡಬಹುದು?

ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ಲೈನ್ ಮನೆಗಳಲ್ಲಿ ಒಂದೇ ಗೋಡೆಯ ಈ ಕಡೆ ಒಂದು ಸಂಸಾರ, ಆ ಕಡೆ ಇನ್ನೊಂದು. ಆ ಕಡೆ ಮಗು ಚೀರಿದರೆ ಈ ಕಡೆ ಕೇಳಿಸುತ್ತದೆ. ಹಾಸನದ ಬಾಡಿಗೆ ಮನೆಗಳಲ್ಲೂ, ಚಿಕ್ಕಮಗಳೂರಿನ ಹೊಸ ಬಡಾವಣೆಗಳಲ್ಲೂ ಅಷ್ಟೇ. ಕೇಳಿಸಿಕೊಂಡವರು ಒಂದು ಕ್ಷಣ ಸುಮ್ಮನಾಗುತ್ತಾರೆ. "ಅವರ ಮಗು, ಅವರು ಹೊಡ್ಕೊತಾರೆ, ನಮಗ್ಯಾಕೆ" ಅಂತ ಯಾರೋ ಹೇಳುತ್ತಾರೆ. ಮಾತು ಬೇರೆ ಕಡೆ ಹೋಗುತ್ತದೆ. ಆದರೆ ಆ ಸದ್ದು ಮನಸ್ಸಿನಿಂದ ಹೋಗುವುದಿಲ್ಲ.

ಈ ಬರಹ ಹಾಗೆ ಕೇಳಿಸಿಕೊಂಡವರಿಗೆ. ಪಕ್ಕದ ಮನೆಯವರು, ಚಿಕ್ಕಮ್ಮ, ಸೋದರಮಾವ, ಅಂಗನವಾಡಿ ಟೀಚರ್, ಶಾಲೆಯ ಮೇಷ್ಟ್ರು, ಆಶಾ ಕಾರ್ಯಕರ್ತೆ, ಎಸ್ಟೇಟಿನ ರೈಟರ್, ಯಾರೇ ಆಗಿರಲಿ. ತಪ್ಪು ಯಾರದು ಅಂತ ತೀರ್ಮಾನ ಮಾಡುವುದು ನಿಮ್ಮ ಕೆಲಸವಲ್ಲ. ಸಾಕ್ಷಿ ಹುಡುಕುವುದೂ ಅಲ್ಲ. ಮಗು ಒಂಟಿಯಾಗದ ಹಾಗೆ ನೋಡಿಕೊಳ್ಳುವುದು, ಕಂಡದ್ದನ್ನು ಹೇಳಬೇಕಾದವರಿಗೆ ಹೇಳುವುದು, ಇಷ್ಟೇ. ಆದರೆ ಇದನ್ನು ಮಾಡುವ ರೀತಿ ಗೊತ್ತಿರಬೇಕು. ಅವಸರ ಮಾಡಿದರೆ ಅದರ ಏಟು ಮತ್ತೆ ಮಗುವಿನ ಮೈಮೇಲೇ ಬೀಳುತ್ತದೆ.

2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿ ಒಂದು ವರದಿ ಹೊರತಂದಿತು. ಪ್ರತಿ ಮೂವರು ಮಕ್ಕಳಲ್ಲಿ ಇಬ್ಬರು ಏಟು ತಿಂದವರು. ಮನೆಯೊಳಗೆ ಏಟು ತಿಂದವರಲ್ಲಿ ಬಹುಪಾಲು ಮಕ್ಕಳಿಗೆ ಹೊಡೆದದ್ದು ಹೆತ್ತವರೇ. ಹಾಗಾಗಿ ನೀವು ಕೇಳಿದ್ದು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿಯಲ್ಲ.

ಮೊದಲು, ಏನು ಕಂಡಿರಿ ಅಂತ ಸರಿಯಾಗಿ ನೋಡಿ

ಆಡುವ ಮಕ್ಕಳು ಬೀಳುತ್ತಾರೆ. ಮೊಣಕಾಲು, ಮೊಣಕೈ, ಹಣೆ ತರಚಿಕೊಂಡಿದ್ದರೆ ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಬಿದ್ದರೆ ಸುಲಭಕ್ಕೆ ಪೆಟ್ಟಾಗದ ಜಾಗಗಳಿವೆ. ಬೆನ್ನು, ಕುಂಡೆ, ತೊಡೆಯ ಹಿಂಭಾಗ, ಕೆನ್ನೆ, ಕಿವಿ, ಕುತ್ತಿಗೆ, ತೋಳಿನ ಒಳಬದಿ. ಅಲ್ಲಿ ಬಾಸುಂಡೆ ಕಂಡರೆ ಯೋಚನೆ ಮಾಡಬೇಕು. ಹೊಡೆದ ವಸ್ತುವಿನ ಆಕಾರವೇ ಚರ್ಮದ ಮೇಲೆ ಉಳಿದಿದ್ದರೆ, ಅಂದರೆ ಬೆಲ್ಟಿನ ಅಂಚು, ಮಡಚಿದ ವೈರಿನ ಕುಣಿಕೆ, ಐದು ಬೆರಳು, ಕಾಯಿಸಿದ ಸೌಟಿನ ಬರೆ, ಬೀಡಿಯಿಂದ ಸುಟ್ಟ ದುಂಡನೆ ಗಾಯ, ಇವು ಬಿದ್ದು ಆಗುವಂಥವಲ್ಲ. ಗಾಯದ ಬಣ್ಣ ನೋಡಿ ಇಷ್ಟು ದಿನದ್ದು ಅಂತ ಲೆಕ್ಕ ಹಾಕಲು ಹೋಗಬೇಡಿ. ಡಾಕ್ಟರುಗಳಿಗೂ ಅದು ಖಚಿತವಾಗಿ ಗೊತ್ತಾಗುವುದಿಲ್ಲ.

ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ನೀಲಿಗಟ್ಟಿದ ಪೆಟ್ಟಿನ ಗುರುತು ಇದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಅದು ತಾನಾಗಿ ಎಲ್ಲೂ ಹೋಗಿ ಬೀಳುವ ವಯಸ್ಸಲ್ಲ. ಒಂದು ಎಚ್ಚರಿಕೆ: ನಮ್ಮ ಕಡೆಯ ಎಷ್ಟೋ ಕೂಸುಗಳಿಗೆ ಸೊಂಟದ ಕೆಳಗೆ, ಕುಂಡೆಯ ಮೇಲೆ ಹುಟ್ಟಿನಿಂದಲೇ ನೀಲಿ ಮಚ್ಚೆ ಇರುತ್ತದೆ. ಮುಟ್ಟಿದರೆ ನೋವಿಲ್ಲ, ದಿನಕ್ಕೊಂದು ಬಣ್ಣಕ್ಕೆ ತಿರುಗುವುದಿಲ್ಲ, ದೊಡ್ಡವರಾದಂತೆ ಮಾಸುತ್ತದೆ. ಅದನ್ನು ಪೆಟ್ಟು ಅಂದುಕೊಂಡು ತಾಯಿಯ ಮೇಲೆ ಅನುಮಾನ ಪಡಬೇಡಿ.

ಗಾಯಕ್ಕಿಂತ ಜಾಸ್ತಿ ಹೇಳುವುದು ಮಗುವಿನ ನಡವಳಿಕೆ. ಮಾರ್ಚ್ ತಿಂಗಳ ಸೆಖೆಯಲ್ಲೂ ಸ್ವೆಟರ್ ಬಿಚ್ಚದ ಐದನೇ ಕ್ಲಾಸಿನ ಹುಡುಗಿಯನ್ನು ನೆನೆಸಿಕೊಳ್ಳಿ. "ಬಿಚ್ಚಮ್ಮ, ಸೆಖೆ ಆಗಲ್ವಾ" ಅಂದರೆ ತೋಳನ್ನು ಇನ್ನಷ್ಟು ಕೆಳಗೆಳೆದುಕೊಳ್ಳುತ್ತಾಳೆ. ಟೀಚರ್ ಬೋರ್ಡ್ ಒರೆಸಲು ಕೈ ಎತ್ತಿದರೂ ತಲೆ ತಗ್ಗಿಸುತ್ತಾಳೆ. ಶಾಲೆ ಬಿಟ್ಟ ಮೇಲೂ ಬೆಂಚು ಜೋಡಿಸುತ್ತಾ, ಕಸ ಗುಡಿಸುತ್ತಾ ಅಲ್ಲೇ ಸುತ್ತುತ್ತಾಳೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು ನಿಂತಿದ್ದ ಮಗು ಮತ್ತೆ ಶುರು ಮಾಡಬಹುದು. ಇನ್ನು ಕೆಲವರು ತಮಗಿಂತ ಚಿಕ್ಕವರಿಗೆ, ನಾಯಿ ಬೆಕ್ಕುಗಳಿಗೆ ಹೊಡೆಯುತ್ತಾರೆ. ಇವುಗಳಲ್ಲಿ ಒಂದು ಕಂಡರೆ ಬೇರೆ ಕಾರಣ ಇರಬಹುದು. ಮೂರು ನಾಲ್ಕು ಸೇರಿದರೆ ಹತ್ತಿರ ಹೋಗಿ ಮಾತಾಡಿಸುವ ಸಮಯ ಬಂದಿದೆ ಅಂತ ತಿಳಿಯಿರಿ.

ಏಟಿಲ್ಲದ ಹಿಂಸೆಯೂ ಇದೆ. ರಾತ್ರಿ ಮನೆಯಿಂದ ಹೊರಗೆ ನಿಲ್ಲಿಸಿ ಬಾಗಿಲು ಹಾಕುವುದು, ಶಿಕ್ಷೆ ಅಂತ ಊಟ ಕೊಡದಿರುವುದು, "ನೀನು ಹುಟ್ಟಿದ್ದೇ ದರಿದ್ರ" ಅಂತ ದಿನಾ ಅನ್ನುವುದು. ಹಾಸನ ಜಿಲ್ಲೆ 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂತು. ಹೆಮ್ಮೆಯ ಸಂಗತಿಯೇ. ಆದರೆ ಅಂಕದ ಹಿಂದೆ ಓಡುವ ಮನೆಗಳಲ್ಲಿ ಮಾರ್ಕ್ಸ್ ಕಾರ್ಡ್ ಬಂದ ಸಂಜೆ ಏನಾಗುತ್ತದೆ ಅಂತ ಮಕ್ಕಳನ್ನೇ ಕೇಳಬೇಕು. ಓದಿದವರು, ಸರ್ಕಾರಿ ನೌಕರಿಯವರು, ಕಾರಿರುವವರು ಹೊಡೆಯುವುದಿಲ್ಲ ಅನ್ನುವ ನಂಬಿಕೆ ಬಿಟ್ಟುಬಿಡಿ.

ಹಾಗೇ ಬಡತನವನ್ನು ನಿರ್ಲಕ್ಷ್ಯ ಅಂತ ಕರೆಯಬೇಡಿ. ಕಾಫಿ ಕೊಯ್ಲಿನ ಸಮಯದಲ್ಲಿ ಬೆಳಗ್ಗೆ ಬೇಗ ತೋಟಕ್ಕೆ ಹೋಗುವ ತಾಯಿ ಕೂಸನ್ನು ಎಂಟು ವರ್ಷದ ಅಕ್ಕನ ಕೈಗೆ ಕೊಟ್ಟು ಹೋದರೆ, ಆಕೆಗೆ ಬೇಕಾದದ್ದು ಪೊಲೀಸರಲ್ಲ. ಮಗು ಬಿಟ್ಟು ಹೋಗಲು ಒಂದು ಜಾಗ ಬೇಕು. ಹತ್ತಿರದ ಅಂಗನವಾಡಿಯಲ್ಲಿ ವಿಚಾರಿಸಿ. ಎಷ್ಟೋ ಗ್ರಾಮ ಪಂಚಾಯಿತಿಗಳಲ್ಲಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಕೂಸಿನ ಮನೆ ಶುರುವಾಗಿದೆ, ನಿಮ್ಮಲ್ಲಿ ಇದೆಯಾ ಕೇಳಿ. ಅಕ್ಕ ಶಾಲೆ ತಪ್ಪಿಸುತ್ತಿದ್ದರೆ ಶಾಲೆಯವರಿಗೆ ತಿಳಿಸಿ.

ಈಗಲೇ ಓಡಬೇಕಾದ ಸಂದರ್ಭಗಳು

ಏಟು ಬೀಳುತ್ತಾ ಇದೆ, ಮಗುವಿನ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ. ಯೋಚಿಸುತ್ತಾ ನಿಲ್ಲಬೇಡಿ. ಒಬ್ಬರೇ ಒಳಗೆ ನುಗ್ಗುವುದು ಬೇಡ. ಇಬ್ಬರು ಮೂವರು ಹೋಗಿ ಬಾಗಿಲು ತಟ್ಟಿ. "ಅಣ್ಣ, ಸ್ವಲ್ಪ ಹೊರಗೆ ಬನ್ನಿ" ಅಂತ ಕರೆದರೂ ಸಾಕು, ಎಷ್ಟೋ ಸಲ ಕೈ ಅಲ್ಲಿಗೆ ನಿಲ್ಲುತ್ತದೆ.

ತಲೆಗೆ ಪೆಟ್ಟಾದ ಮಗು ವಾಂತಿ ಮಾಡಿದರೆ, ಮಂಕಾಗಿ ನಿದ್ದೆಗೆ ಜಾರುತ್ತಿದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಬಂದರೆ ತಕ್ಷಣ 108 ಆಂಬುಲೆನ್ಸ್ ಕರೆಸಿ. ಅಳು ನಿಲ್ಲಿಸಲು ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸಿದ್ದರೂ ಅಷ್ಟೇ. ಹೊರಗೆ ಗಾಯ ಕಾಣದಿದ್ದರೂ ಒಳಗೆ ಮಿದುಳಿನಲ್ಲಿ ರಕ್ತಸ್ರಾವ ಆಗಿರಬಹುದು. ಬರೆ ಎಳೆದಿದ್ದರೆ ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣನೆ ನೀರು ಹರಿಯಲು ಬಿಡಿ. ಟೂತ್‌ಪೇಸ್ಟ್, ಇಂಕು, ಎಣ್ಣೆ ಹಚ್ಚಬೇಡಿ. ಆಸ್ಪತ್ರೆಯಲ್ಲಿ "ಬಿದ್ದ" ಅಂತ ಸುಳ್ಳು ಹೇಳಬೇಡಿ. ನಡೆದದ್ದು ಹೇಳಿದರೆ ಡಾಕ್ಟರಿಗೆ ಏನು ಪರೀಕ್ಷೆ ಮಾಡಬೇಕು ಅಂತ ಗೊತ್ತಾಗುತ್ತದೆ, ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಆಸ್ಪತ್ರೆ ದಾಖಲೆಯೂ ಆಗುತ್ತದೆ. ಮುಂದೆ ಮಗುವಿಗೆ ಅದೇ ಆಧಾರ.

ಮಗುವಿನ ಜೊತೆ ಮಾತು

ಇಲ್ಲಿ ತಾಳ್ಮೆ ಬೇಕು. ಅಪ್ಪ ಅಮ್ಮನ ಎದುರು ಕೇಳಬೇಡಿ, ಕ್ಲಾಸಿನಲ್ಲಿ ಎಲ್ಲರ ಮುಂದೆ ಕೇಳಬೇಡಿ. ಕೈಗೆ ಏನಾದರೂ ಕೆಲಸ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಅವರೆಕಾಳು ಬಿಡಿಸುತ್ತಾ, ಪುಸ್ತಕಕ್ಕೆ ಬೈಂಡ್ ಹಾಕುತ್ತಾ ಮಕ್ಕಳು ಹೇಳುವಷ್ಟನ್ನು ಎದುರು ಕೂರಿಸಿಕೊಂಡು ಕೇಳಿದರೆ ಹೇಳುವುದಿಲ್ಲ.

"ಅಪ್ಪ ಹೊಡೆದ್ರಾ?" ಅಂತ ಶುರು ಮಾಡಬೇಡಿ. ಹೌದು ಅನ್ನಲೂ ಭಯ, ಇಲ್ಲ ಅನ್ನಲೂ ಭಯ. "ಕೈಗೆ ಏನಾಯ್ತು ಪುಟ್ಟ?" ಅಂತ ಕೇಳಿ ಸುಮ್ಮನಿರಿ. "ಬಿದ್ದೆ" ಅಂದರೆ ವಾದ ಮಾಡಬೇಡಿ. "ಸರಿ. ನೋವಿದ್ರೆ ಹೇಳು, ಯಾವಾಗ ಬೇಕಾದ್ರೂ ನನ್ನ ಹತ್ರ ಬರಬಹುದು" ಅಂತ ಹೇಳಿ ಬಿಡಿ. ಆ ಮಾತನ್ನು ಮಗು ಮರೆಯುವುದಿಲ್ಲ. ಎಷ್ಟೋ ಸಲ ವಾರ ಬಿಟ್ಟು ತಾನೇ ಬಂದು ಹೇಳುತ್ತದೆ.

ಹೇಳಲು ಶುರು ಮಾಡಿದಾಗ ನಿಮ್ಮ ಮುಖದ ಮೇಲೆ ನಿಗಾ ಇರಲಿ. "ಅಯ್ಯೋ, ಎಂಥಾ ರಾಕ್ಷಸ" ಅಂದುಬಿಟ್ಟರೆ ಮಗು ಅಲ್ಲಿಗೇ ಬಾಯಿ ಮುಚ್ಚುತ್ತದೆ. ಹೊಡೆದವನು ಅದರ ಅಪ್ಪ. ನಾಳೆ ಅವನೇ ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸುತ್ತಾನೆ. ಮಗುವಿಗೆ ಬೇಕಿರುವುದು ಏಟು ನಿಲ್ಲುವುದು, ಅಪ್ಪನನ್ನು ಕಳೆದುಕೊಳ್ಳುವುದಲ್ಲ. "ಹೇಳಿದ್ದು ಒಳ್ಳೇದಾಯ್ತು. ಇದು ನಿನ್ನ ತಪ್ಪಲ್ಲ" ಅಷ್ಟು ಸಾಕು. ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳಬೇಡಿ. ವಿವರ ಕೆದಕುವುದು ತರಬೇತಿ ಇರುವವರ ಕೆಲಸ.

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ" ಅಂದರೆ ಒಪ್ಪಿಕೊಳ್ಳಬೇಡಿ. "ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ, ಹೇಳೋ ಮುಂಚೆ ನಿನಗೂ ತಿಳಿಸ್ತೀನಿ" ಅನ್ನಿ, ಹಾಗೇ ನಡೆದುಕೊಳ್ಳಿ. ಮಗು ಹೋದ ಮೇಲೆ ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ದಿನಾಂಕದ ಜೊತೆ. ಗಾಯದ ಫೋಟೋಗಾಗಿ ಬಟ್ಟೆ ಸರಿಸುವುದು ಬೇಡ.

ಮಗು ಹೇಳಿದ್ದು ಲೈಂಗಿಕ ಕಿರುಕುಳ ಆಗಿದ್ದರೆ ದಾರಿ ಬೇರೆ. ಮನೆಯವರ ಜೊತೆ ಮಾತುಕತೆ, ರಾಜಿ ಯಾವುದೂ ಇಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಆಗದಂತೆ ಅದೇ ಕಾಯ್ದೆ ಕಾಪಾಡುತ್ತದೆ.

ಅಪ್ಪ ಅಮ್ಮನ ಜೊತೆ ಮಾತು

ಏಟು ಇನ್ನೂ ಕೈಮೀರಿಲ್ಲ, ಆ ಮನೆಯವರ ಜೊತೆ ನಿಮಗೆ ಸಲುಗೆ ಇದೆ ಅನ್ನುವಾಗ ಮಾತ್ರ ಈ ಹೆಜ್ಜೆ. ಬರೆ ಎಳೆದಿದ್ದರೆ, ಮೂಳೆ ಮುರಿದಿದ್ದರೆ, ಕೂಸಿಗೆ ಪೆಟ್ಟಾಗಿದ್ದರೆ ಇದನ್ನು ಬಿಟ್ಟು ನೇರ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಮ್ಮ ಕಡೆ ಒಂದು ರೂಢಿ ಇದೆ. ನಾಲ್ಕು ಜನ ಹಿರಿಯರನ್ನು ಸೇರಿಸಿ, ಅಪ್ಪನನ್ನು ಕರೆಸಿ, ಎಲ್ಲರೆದುರು ಛೀಮಾರಿ ಹಾಕಿ ಪಂಚಾಯ್ತಿ ಮಾಡುವುದು. ದಯವಿಟ್ಟು ಹೀಗೆ ಮಾಡಬೇಡಿ. ಅವನು ಅಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾನೆ, ಆ ಅವಮಾನವನ್ನು ಮನೆಗೆ ಹೊತ್ತುಕೊಂಡು ಹೋಗುತ್ತಾನೆ. "ಊರಲ್ಲಿ ನನ್ನ ಮರ್ಯಾದೆ ತೆಗೆದೆಯಾ" ಅಂತ ಆ ರಾತ್ರಿ ಹೊಡೆಸಿಕೊಳ್ಳುವುದು ಅದೇ ಮಗು, ಅದರ ಜೊತೆಗೆ ತಾಯಿ.

ಮಾತಾಡುವುದಾದರೆ ಒಬ್ಬರೇ, ಅವರು ಕುಡಿಯದೆ ಇರುವಾಗ, ಸಮಾಧಾನದ ಹೊತ್ತಿನಲ್ಲಿ ಮಾತಾಡಿ. ತಪ್ಪಿನಿಂದ ಶುರು ಮಾಡಬೇಡಿ, ಕಷ್ಟದಿಂದ ಶುರು ಮಾಡಿ. "ಅಕ್ಕ, ಬೆಳಗ್ಗೆ ಎಲ್ಲಾ ನೀವೊಬ್ಬರೇ ನೋಡ್ಕೋಬೇಕು, ಸುಸ್ತಾಗುತ್ತೆ ಅಲ್ವಾ" ಅಂದರೆ ಮಾತು ಹೊರಗೆ ಬರುತ್ತದೆ. ಮಗು ಹೇಳಿತು ಅಂತ ಮಾತ್ರ ಯಾವ ಕಾರಣಕ್ಕೂ ಹೇಳಬೇಡಿ. ನಿಮಗೆ ಕೇಳಿಸಿತು ಅನ್ನಿ.

"ನಾವೂ ಏಟು ತಿಂದೇ ಬೆಳೆದಿದ್ದು, ಏನಾಯ್ತೀಗ" ಅನ್ನುವ ಉತ್ತರ ಬಂದೇ ಬರುತ್ತದೆ. ಅವರ ಅಪ್ಪನನ್ನು ಬೈಯಬೇಡಿ. "ಹೊಡೆಸಿಕೊಂಡ ದಿನ ನಿಮಗೆ ಏನನ್ನಿಸ್ತಿತ್ತು ಅಣ್ಣ?" ಅಂತ ಕೇಳಿ ನೋಡಿ. ಪಾಠ ಕಲಿತೆ ಅನ್ನುವವರು ಕಡಿಮೆ. ಮುಂದಿನ ಸಲ ಸಿಕ್ಕಿಹಾಕಿಕೊಳ್ಳದ ಹಾಗೆ ಸುಳ್ಳು ಹೇಳಲು ಕಲಿತೆ ಅನ್ನುವವರೇ ಜಾಸ್ತಿ. ಸಂಶೋಧನೆ ಹೇಳುವುದೂ ಅದನ್ನೇ. 1,60,000ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇದ್ದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆ 2016ರಲ್ಲಿ ಪ್ರಕಟವಾಯಿತು. ಕೈಯಿಂದ ಹೊಡೆದದ್ದು ಮಕ್ಕಳನ್ನು ತಿದ್ದಿದ್ದು ಕಾಣಲಿಲ್ಲ. ಹೊಡೆಸಿಕೊಂಡವರಲ್ಲಿ ಸಿಟ್ಟು, ಜಗಳ, ಮನಸ್ಸಿನ ತೊಂದರೆ ಜಾಸ್ತಿ ಕಂಡವು.

ಹೊಡೆಯಬೇಡಿ ಅಂತ ಹೇಳಿ ಎದ್ದು ಬಂದರೆ ಪ್ರಯೋಜನ ಕಡಿಮೆ. ಬದಲಿಗೆ ಏನು ಮಾಡಬೇಕು ಅನ್ನುವುದು ಅವರಿಗೆ ಬೇಕು. ನನ್ನ ಅನುಭವದಲ್ಲಿ ಒಂದೊಂದು ಮನೆಯಲ್ಲಿ ಕೈ ಏಳುವ ಹೊತ್ತು ಹೆಚ್ಚುಕಡಿಮೆ ಗೊತ್ತಿರುವಂಥದ್ದೇ: ಶಾಲೆಗೆ ಹೊರಡುವ ಗಡಿಬಿಡಿ, ಸಂಜೆಯ ಹೋಂವರ್ಕ್ ಮತ್ತು ಮೊಬೈಲ್, ಬಟವಾಡೆ ದಿನದ ಕುಡಿತ. ಯಾವ ಹೊತ್ತು ಅಂತ ಅವರೇ ಗುರುತಿಸಲಿ. ಬೆಳಗ್ಗೆಯ ಜಗಳ ಆದರೆ ಬ್ಯಾಗು, ಯೂನಿಫಾರ್ಮ್, ಸಾಕ್ಸ್ ಹಿಂದಿನ ರಾತ್ರಿಯೇ ಜೋಡಿಸಲಿ. ಮೊಬೈಲ್ ಆದರೆ ಇಷ್ಟು ಹೊತ್ತಿಗೆ ಎಲ್ಲರ ಫೋನೂ ಶೆಲ್ಫ್ ಮೇಲೆ ಅಂತ ಒಂದು ನಿಯಮ ಮಾಡಲಿ, ಅಪ್ಪನ ಫೋನೂ ಸೇರಿ. ಮಗು ಹಾಲು ಚೆಲ್ಲಿದರೆ ಬಟ್ಟೆ ಕೊಟ್ಟು ಒರೆಸಲಿ. ಎರಡು ವರ್ಷದ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವುದು ಹಟಕ್ಕಲ್ಲ, ಅದರ ವಯಸ್ಸೇ ಹಾಗೆ. ವಸ್ತುವನ್ನು ಮೇಲೆ ಎತ್ತಿಡಿ ಅಷ್ಟೇ. ಸಿಟ್ಟು ನೆತ್ತಿಗೇರಿದಾಗ ಮಗುವನ್ನು ಸುರಕ್ಷಿತ ಜಾಗದಲ್ಲಿ ಬಿಟ್ಟು ಅಂಗಳಕ್ಕೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳಲಿ. ಹೊಡೆದುಬಿಟ್ಟ ದಿನ "ನಾನು ಹೊಡೀಬಾರದಿತ್ತು" ಅಂತ ಮಗುವಿಗೆ ಹೇಳಲಿ. ಹಾಗೆ ಹೇಳಿದ ಅಪ್ಪನನ್ನು ಮಗು ಸದರ ಮಾಡುವುದಿಲ್ಲ, ಇನ್ನಷ್ಟು ಹತ್ತಿರ ಬರುತ್ತದೆ.

ಕುಡಿತಕ್ಕೆ ಇವು ಯಾವುವೂ ಸಾಲವು, ಅದಕ್ಕೆ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಹೊಡೆಯುವ ತಾಯಿಯೇ ಗಂಡನ ಕೈಲಿ ಹೊಡೆಸಿಕೊಳ್ಳುತ್ತಿರಬಹುದು. ಹಾಗಿದ್ದರೆ ಆಕೆಗೆ ಮಹಿಳಾ ಸಹಾಯವಾಣಿ 181 ಕೊಡಿ. ತಾಯಿ ಸುರಕ್ಷಿತವಾದರೆ ಮಗುವಿನ ಅರ್ಧ ಕಷ್ಟ ಕಳೆದಂತೆ.

1098ಕ್ಕೆ ಫೋನ್ ಮಾಡುವುದು

ಮಕ್ಕಳ ಸಹಾಯವಾಣಿ 1098 ಉಚಿತ, 24 ಗಂಟೆಯೂ ಇರುತ್ತದೆ. 1996ರಲ್ಲಿ ಮುಂಬೈಯಲ್ಲಿ ಶುರುವಾದದ್ದು. ಈಗ ಸರ್ಕಾರವೇ ನಡೆಸುತ್ತಿದೆ, 112 ಜೊತೆಗೂ ಜೋಡಿಸಿದ್ದಾರೆ. ಮಗುವೇ ಫೋನ್ ಮಾಡಬಹುದು, ನೀವೂ ಮಾಡಬಹುದು. ನಿಮ್ಮ ಹೆಸರು ಗುಟ್ಟಾಗಿಡಿ ಅಂತ ಮೊದಲೇ ಹೇಳಿ.

ಮಗುವಿನ ವಯಸ್ಸು, ಮನೆ ಎಲ್ಲಿದೆ, ಏನು ಕಂಡಿರಿ ಅಥವಾ ಕೇಳಿದಿರಿ, ಎಷ್ಟು ದಿನದಿಂದ, ಈಗ ಅಪಾಯ ಇದೆಯಾ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಫೋನ್ ಮಾಡಿ. ತೋಟದೊಳಗಿನ ಮನೆಗೆ ಬಾಗಿಲ ನಂಬರ್ ಇರುವುದಿಲ್ಲ. ಎಸ್ಟೇಟಿನ ಹೆಸರು, ಹತ್ತಿರದ ಬಸ್ ಸ್ಟಾಪ್, ಲೈನಿನಲ್ಲಿ ಎಷ್ಟನೇ ಮನೆ ಅಂತ ಹೇಳಿ. ಕಂಡದ್ದು ಬೇರೆ, ನಿಮ್ಮ ಅನುಮಾನ ಬೇರೆ. ಎರಡನ್ನೂ ಹೇಳಿ, ಬೆರೆಸಬೇಡಿ. ಫೋನ್ ಇಡುವ ಮುಂಚೆ ದೂರಿನ ನಂಬರ್ ಕೇಳಿ ಬರೆದುಕೊಳ್ಳಿ.

ಮನೆಯಲ್ಲಿ ಕೊಡುವ ಪ್ರತಿಯೊಂದು ಏಟನ್ನೂ ನೇರವಾಗಿ ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಶಾಲೆಯಲ್ಲಿ ಮಾತ್ರ 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನು, ಮಾನಸಿಕ ಹಿಂಸೆಯನ್ನು ನಿಷೇಧಿಸಿದೆ. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮನೆಗೂ ಅನ್ವಯಿಸುತ್ತದೆ. ಮಗುವಿನ ಹೊಣೆ ಹೊತ್ತವರೇ ಅದರ ಮೇಲೆ ಹಲ್ಲೆ ಮಾಡಿ, ಹಿಂಸಿಸಿ ಅಥವಾ ಬೇಕಂತಲೇ ನಿರ್ಲಕ್ಷಿಸಿ ದೈಹಿಕ, ಮಾನಸಿಕ ನರಳಾಟಕ್ಕೆ ಕಾರಣರಾದರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಮಗುವಿನ ವಿಡಿಯೋ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುವುದು ಈಗ ಜಾಸ್ತಿಯಾಗಿದೆ. ಮಗುವಿನ ಗುರುತು ಬಯಲು ಮಾಡುವುದಕ್ಕೂ ಅದೇ ಕಾಯ್ದೆಯ 74ನೇ ಕಲಂನಲ್ಲಿ ಶಿಕ್ಷೆ ಇದೆ. ಅದಕ್ಕಿಂತ ಮುಖ್ಯವಾಗಿ, ಆ ಮಗು ಅದೇ ಊರಿನಲ್ಲಿ ಬೆಳೆಯಬೇಕು. ವಿಡಿಯೋ ಇದ್ದರೆ ಅಧಿಕಾರಿಗಳಿಗೆ ಕೊಡಿ, ಮತ್ಯಾರಿಗೂ ಬೇಡ.

ಫೋನ್ ಮಾಡಿದ ಮೇಲೆ

"ಮಗುವನ್ನು ಎತ್ತಿಕೊಂಡು ಹೋಗಿ ಹಾಸ್ಟೆಲಿಗೆ ಹಾಕ್ತಾರೆ" ಅನ್ನುವ ಭಯಕ್ಕೇ ಎಷ್ಟೋ ಅಜ್ಜಿಯರು, ಚಿಕ್ಕಮ್ಮಂದಿರು ಬಾಯಿ ಬಿಡುವುದಿಲ್ಲ. ಕಾಯ್ದೆ ಹೇಳುವುದು ಬೇರೆ. ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ, ಮೊದಲ ಆದ್ಯತೆ ಕುಟುಂಬಕ್ಕೇ. ಸಿಬ್ಬಂದಿ ಮನೆಗೆ ಬಂದು ನೋಡುತ್ತಾರೆ, ಅಪ್ಪ ಅಮ್ಮನಿಗೆ ಆಪ್ತ ಸಮಾಲೋಚನೆ ಕೊಡಿಸುತ್ತಾರೆ. ಮನೆಯಲ್ಲಿ ಬಿಡುವುದು ಅಪಾಯ ಅನ್ನಿಸಿದರೆ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು ಇರುವ ಈ ಸಮಿತಿ ಜಿಲ್ಲೆಗಳಲ್ಲಿ ಇರುತ್ತದೆ. ಅಜ್ಜಿಯೋ ದೊಡ್ಡಮ್ಮನೋ ನೋಡಿಕೊಳ್ಳಲು ತಯಾರಿದ್ದರೆ ಅದನ್ನು ಸಮಿತಿಗೆ ಹೇಳಿ. ಅವರು ಕೇಳಿಸಿಕೊಳ್ಳುತ್ತಾರೆ.

ದೂರು ಕೊಟ್ಟ ಮೊದಲ ಕೆಲವು ದಿನ ಸೂಕ್ಷ್ಮ. ಮಗು ಮನೆಯಲ್ಲೇ ಇದ್ದರೆ ಏನಾದರೂ ನೆವ ಮಾಡಿಕೊಂಡು ಹೋಗಿ ಬನ್ನಿ. ಸಾರು ಕೊಡಲು, ಪುಸ್ತಕ ಕೇಳಲು, ಏನಾದರೂ ಸರಿ. ಮಗುವಿಗೆ 1098 ಬಾಯಿಪಾಠ ಮಾಡಿಸಿ. ರಾತ್ರಿ ಭಯವಾದರೆ ಯಾವ ಮನೆಗೆ ಓಡಬೇಕು ಅಂತ ಮೊದಲೇ ಹೇಳಿಡಿ, ಆ ಮನೆಯವರಿಗೂ ತಿಳಿಸಿಡಿ. ಹದಿಹರೆಯದ ಹುಡುಗ ಹುಡುಗಿಯರು "ಸಾಯೋದೇ ಮೇಲು" ಅಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಒಬ್ಬರನ್ನೇ ಬಿಡಬೇಡಿ, ತೋಟದ ಔಷಧಿ ಡಬ್ಬಗಳಿಗೆ ಬೀಗ ಹಾಕಿಸಿ, 14416ಕ್ಕೆ ಜೊತೆಯಲ್ಲಿ ಕೂತು ಫೋನ್ ಮಾಡಿ.

ಯಾರೂ ಬರಲಿಲ್ಲ ಅಂದರೆ ದೂರಿನ ನಂಬರ್ ಹೇಳಿ ಮತ್ತೆ ಫೋನ್ ಮಾಡಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು, ಅವರನ್ನೇ ಕೇಳಿ. ಕಳಸದಿಂದಲೋ ಶೃಂಗೇರಿಯಿಂದಲೋ ಚಿಕ್ಕಮಗಳೂರಿಗೆ ಹೋಗಿ ಬರಲು ದಿನವೇ ಹಿಡಿಯುತ್ತದೆ. ಅದಕ್ಕೇ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಫೋನ್ ಮಾಡಿ, ಆಮೇಲೆ ಒಂದು ಪುಟದ ಅರ್ಜಿಯನ್ನು ಮಕ್ಕಳ ಕಲ್ಯಾಣ ಸಮಿತಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಲ್ಲೂ ಆಗಲಿಲ್ಲವೆಂದರೆ ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಅರ್ಜಿಯಲ್ಲಿ ನೀವು ಫೋನ್ ಮಾಡಿದ ದಿನಾಂಕ, ದೂರಿನ ನಂಬರ್ ಬರೆಯಿರಿ, ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ.